ಗೋಳಗುಮ್ಮಟ ತೋರಿಸಿದ ಮೇಸ್ತ್ರಿ

ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಐವತ್ತು ವರ್ಷ ಸುಣ್ಣದ ಗಾರೆಯಲ್ಲಿ ಆಡಿ ಆಡಿ ಆ ಜಾಗ ಹೊಳೆಗಲ್ಲಿನಂತೆ ನುಣುಪಾಗಿತ್ತು. ಯಾವ ಗೋಡೆಯ ಮುಂದೆ ನಿಂತರೂ ಮೇಸ್ತ್ರಿ ಮೊದಲು ಆ ಬೆರಳು ಆಡಿಸುತ್ತಿದ್ದರು, ತೂಗುಗುಂಡು ಆಮೇಲೆ.

ನಾನು ಮಡಕಶಿರಾ ಕಡೆಯವಳು. ಎಂಜಿನಿಯರಾಗಿ ರಾಯದುರ್ಗಕ್ಕೆ ಬಂದ ಹೊಸತರಲ್ಲಿ ಅವರು ನಮ್ಮ ಆಫೀಸಿನ ಕಾಂಪೌಂಡ್ ಕಟ್ಟುತ್ತಿದ್ದರು. ಆಗಲೇ ಊರಾಚೆಯ ಹಳೆಯ ಗೋರಿಯೊಂದರ ಫೈಲು ನನ್ನ ಮೇಜಿಗೆ ಬಂತು. ಅದು ಯಾರ ಗೋರಿಯೋ ಯಾರಿಗೂ ತಿಳಿಯದು. ಗುಮ್ಮಟ ಬಿರುಕು ಬಿಟ್ಟು ಸೋರುತ್ತಿತ್ತು, ಗಚ್ಚಿನ ಚೂರುಗಳು ಉದುರುತ್ತಿದ್ದವು. ಹೊರಗಿನಿಂದಲೇ ನಾಲ್ಕು ಫೋಟೊ ತೆಗೆದು, ಕೆಡವುವುದೇ ಸೂಕ್ತವೆಂದು ಬರೆದಿಟ್ಟಿದ್ದೆ.

ಟೀ ಹೊತ್ತಿನಲ್ಲಿ ಈ ವಿಷಯ ಹೇಳಿದಾಗ ಮೇಸ್ತ್ರಿ ಲೋಟ ಕೆಳಗಿಟ್ಟರು.

“ಒಳಗ ಹೋಗಿ ನೋಡಿದ್ರೇನ್ರಿ ಮೇಡಂ?”

“ಇಲ್ಲ ಮೇಸ್ತ್ರಿ. ತಲೆ ಮೇಲೆ ಬಿದ್ರೆ ಏನ್ ಗತಿ?”

“ಬೀಳಂಗಿಲ್ರಿ. ನಾ ನೋಡೀನಿ. ಗುಮ್ಮಟದ್ದೇನೂ ತಪ್ಪಿಲ್ಲ. ಯಾರೋ ಮ್ಯಾಲ ಸಿಮೆಂಟ್ ಬಳದಾರ, ನೀರು ಒಳಗ ಸಿಕ್ಕೊಂಡೈತಿ.” ಲೋಟ ಮತ್ತೆ ಎತ್ತಿಕೊಂಡು, “ಸಹಿ ಹಾಕೂಕಿಂತ ಮೊದ್ಲು ವಿಜಾಪುರದ ಗೋಳಗುಮ್ಮಟ ಒಮ್ಮೆ ನೋಡಿ ಬರೋಣು ಬರ್ರಿ. ನಾನೂ ನೋಡಿಲ್ಲ,” ಎಂದರು.

ಮುಂದಿನ ರಜೆಗೆ ಅವರು, ಅವರ ಹೆಂಡತಿ, ನಾನು ಮೂವರೂ ಬಳ್ಳಾರಿಯಲ್ಲಿ ಬಸ್ಸು ಬದಲಿಸಿ ಹೋದೆವು.

ಗೋಳಗುಮ್ಮಟದೊಳಗೆ ಕಾಲಿಟ್ಟದ್ದೇ ಮೇಸ್ತ್ರಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು. ಕಾವಲುಗಾರ ಓಡಿಬಂದ.

“ಏಳ್ರಿ ಅಜ್ಜಾರ, ಹಿಂಗ ಮಲಗಬಾರ್ದು.”

“ಎರಡ ನಿಮಿಷ ಬಿಡಪಾ. ನಿಂತು ನೋಡಿದ್ರ ಕುತ್ತಿಗಿ ಸಾಲವಲ್ದು.”

ಅವನು ನಕ್ಕು ಹಿಂದೆ ಸರಿದ. ಎದ್ದು ಕೂತ ಮೇಸ್ತ್ರಿ ತಮ್ಮ ಟವಲನ್ನು ಚೌಕವಾಗಿ ಮಡಚಿ ಹಾಸಿ, ಅದರ ಮೇಲೆ ಹೆಂಡತಿಯ ಟವಲನ್ನು ಓರೆಯಾಗಿ ತಿರುಗಿಸಿಟ್ಟರು.

“ನೋಡ್ರಿ, ಕಮಾನು ಹಿಂಗ ಒಂದನ್ನೊಂದು ದಾಟ್ಯಾವ. ನಾಕು ಮೂಲಿ ಎಂಟಾದ್ವು. ಎಂಟರ ಮ್ಯಾಲ ದುಂಡು ಕುಂತೈತಿ. ಅಷ್ಟು ಭಾರ ಒಬ್ಬನ ಹೆಗಲ ಮ್ಯಾಲ ಹಾಕಿಲ್ಲ.”

ನಾಲ್ಕು ವರ್ಷ ಕಾಲೇಜಿನಲ್ಲಿ ಲೆಕ್ಕ ಮಾಡಿ ಪಾಸಾಗಿದ್ದ ನನಗೆ ಭಾರ ಇಳಿಯುವ ದಾರಿ ಕಣ್ಣಿಗೆ ಕಂಡದ್ದು ಅಂದೇ.

ಮೆಟ್ಟಿಲು ಹತ್ತಿ ಮೇಲಿನ ಸುತ್ತು ಸೇರಿದೆವು. ಅಲ್ಲಿ ಎಲ್ಲರೂ ಕೂಗುವವರೇ, ಸಿಳ್ಳೆ ಹಾಕುವವರೇ. ಗದ್ದಲ ಅಡಗುವವರೆಗೂ ಕಾದು, ಆಚೆ ಬದಿಗೆ ಕೂತಿದ್ದ ಮೇಸ್ತ್ರಿ ಗೋಡೆಗೆ ಬಾಯಿ ಹಚ್ಚಿದರು. ಅಷ್ಟು ದೂರದ ಪಿಸುಮಾತು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು.

“ಚಲೋ ಕಟ್ಟೀರಪಾ.”

ಹೇಳಿದ್ದು ನನಗಲ್ಲ. ಎಂದೋ ಅಲ್ಲಿ ಗಾರೆ ಹೊತ್ತವರಿಗೆ.

ಊರಿಗೆ ಬಂದವಳೇ ಆ ವರದಿ ಹರಿದು ಹಾಕಿದೆ. ಮೇಸ್ತ್ರಿಯ ಜೊತೆ ಗೋರಿಯ ಒಳಹೊಕ್ಕು ಅಳೆದು, ದುರಸ್ತಿ ಸಾಧ್ಯವೆಂದು ಹೊಸದಾಗಿ ಬರೆದೆ. “ನಾಳೆ ಬಿದ್ದರೆ ಹೊಣೆ ಯಾರು?” ಎಂದು ಮೇಲಧಿಕಾರಿ ಕೇಳಿದರು. “ನಾನೇ ಸರ್” ಎಂದೆ. ಅಲ್ಲೇ ಸಹಿ ಹಾಕಿದೆ.

ಎರಡು ತಿಂಗಳು ಮೇಸ್ತ್ರಿ ಸಾರವೆಯ ಮೇಲೇ ಇದ್ದರು. ಸಿಮೆಂಟನ್ನು ಅಂಗುಲ ಅಂಗುಲವಾಗಿ ಕೆತ್ತಿ ತೆಗೆದು, ಬೆಲ್ಲದ ನೀರು ಬೆರೆಸಿದ ಗಾರೆ ತುಂಬಿದರು. ಹೆಂಡತಿ ಕೆಳಗೆ ಸುಣ್ಣ ಜರಡಿ ಹಿಡಿಯುತ್ತಿದ್ದರು. ನಾನು ದಿನವೂ ಹೋಗಿ ಇನ್ನೆಷ್ಟು ದಿನವೆಂದು ಕೇಳಿದರೆ, “ಸುಣ್ಣಕ್ಕ ನಿಮ್ಮ ಆಫೀಸಿನ ಟೈಮು ಗೊತ್ತಿಲ್ರಿ,” ಎನ್ನುತ್ತಿದ್ದರು ಮೇಸ್ತ್ರಿ. ಆಗಲೇ ಅವರಿಗೆ ಕೆಮ್ಮು ಹೆಚ್ಚಾಗಿತ್ತು. ಆಸ್ಪತ್ರೆಗೆ ಹೋಗೋಣವೆಂದರೆ, ಇದು ಮುಗಿಯಲಿ ಎಂದರು.

ಕೆಲಸ ಮುಗಿಯಿತು. ಮಳೆಗಾಲ ಬರುವ ಮೊದಲೇ ಮೇಸ್ತ್ರಿ ತೀರಿಕೊಂಡರು.

ಆ ವರ್ಷದ ಮೊದಲ ದೊಡ್ಡ ಮಳೆ ಹೊಡೆದ ಮಧ್ಯಾಹ್ನ ನನಗೆ ಆಫೀಸಿನಲ್ಲಿ ಕೂರಲಾಗಲಿಲ್ಲ. ಸ್ಕೂಟಿ ಹತ್ತಿ ಗೋರಿಯ ಹತ್ತಿರ ಹೋದೆ. ಒಳಗೆ ಹೋಗಿ ಮೇಲೆ ನೋಡುವ ಧೈರ್ಯವಾಗದೆ ಬಾಗಿಲಲ್ಲೇ ನಿಂತೆ. ಕತ್ತಲಿನಿಂದ ಕುರಿಮರಿಯೊಂದು ಅರಚಿತು. ಕುರಿ ಕಾಯುವ ಮುದುಕಿಯೊಬ್ಬಳು ಹತ್ತಾರು ಮರಿಗಳನ್ನು ಕಟ್ಟಿಕೊಂಡು ಒಳಗೆ ಕೂತಿದ್ದಳು.

“ಯಾಕವ್ವಾ ತೋಯ್ಕೊಂತ ನಿಂತಿ? ಒಳಗ ಬಾ,” ಎಂದಳು. “ಇಲ್ಲಿ ಒಂದು ಹನಿ ಸೋರಂಗಿಲ್ಲ.”