ಊರಿಗೆ ಹೋಗದ ಬೇಸಿಗೆ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ, ಏಪ್ರಿಲ್ ಬಂತೆಂದರೆ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಅಟ್ಟದ ಮೇಲಿನ ಟ್ರಂಕುಗಳೆಲ್ಲ ಕೆಳಗಿಳಿಯುತ್ತಿದ್ದವು. ಪರೀಕ್ಷೆ ಮುಗಿದ ಮಾರನೇ ದಿನವೇ ಮಕ್ಕಳು ಊರಿಗೆ ಹೊರಡುತ್ತಿದ್ದರು. ಊರೆಂದರೆ ಅವರಿಗೆ ಬಾವಿಯ ಈಜು, ಉಪ್ಪುಖಾರ ಸವರಿದ ಮಾವಿನಕಾಯಿ, ಬೈಯದ ಅಜ್ಜಿ. ಜೂನಿನಲ್ಲಿ ಕಪ್ಪಗಾಗಿ, ಮೊಣಕಾಲು ತರಚಿಸಿಕೊಂಡು, ಹೇಳಿ ಮುಗಿಯದಷ್ಟು ಕಥೆ ಹೊತ್ತು ಬರುತ್ತಿದ್ದರು.

ನಾನು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ.

ವಠಾರದ ಒಡತಿ ಸರಸಮ್ಮನವರ ಮಗಳು ನಳಿನಿ ನನ್ನ ಜೀವದ ಗೆಳತಿ. ನಾನು ನಾಲ್ಕನೇ ಕ್ಲಾಸು ಮುಗಿಸಿದ ಆ ವರ್ಷವೂ ಅವಳ ಸೋದರಮಾವ ಬಂದು ಅವಳನ್ನು ಕರೆದುಕೊಂಡು ಹೋದರು. ಹೊರಡುವಾಗ ನಳಿನಿ, "ನಿಮ್ಮೂರು ಯಾವ್ದೇ? ನೀನ್ಯಾಕೆ ಹೋಗಲ್ಲ?" ಎಂದಳು.

ಆಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಒಬ್ಬಳೇ ಕುಂಟೆಬಿಲ್ಲೆ ಆಡಿದೆ. ತಾರಸಿಯಲ್ಲಿ ಒಣಹಾಕಿದ್ದ ಸಂಡಿಗೆಗೆ ಕಾಗೆ ಕಾಯುವ ನೆಪದಲ್ಲಿ ಅರ್ಧ ಹಸಿ ಹಿಟ್ಟನ್ನು ತಿಂದೆ. ಬಿಸಿಲಿಗೆ ಮೆತ್ತಗಾದ ಡಾಂಬರು ಚಪ್ಪಲಿಗೆ ಅಂಟುತ್ತಿದ್ದರೂ ಮೈದಾನದವರೆಗೆ ಹೋಗಿ ಸುಮ್ಮನೆ ವಾಪಸಾದೆ. ಸಂಜೆ ಕಚೇರಿಯಿಂದ ಬಂದ ಅಪ್ಪನ ಬೆನ್ನು ಬಿದ್ದೆ.

"ಅಪ್ಪ, ನಮ್ಮೂರಿಗೆ ಯಾವಾಗ ಹೋಗೋದು?"

"ಬೆಂಗಳೂರೇ ನಮ್ಮೂರು."

"ಇದಲ್ಲ. ಊರು, ಊರು."

ಅಪ್ಪ ಶರ್ಟನ್ನು ಮೊಳೆಗೆ ತಗುಲಿಹಾಕಿ ಮುಖ ತೊಳೆಯಲು ಹೋದರು. ಅಮ್ಮ ಒಳಗಿಂದಲೇ, "ಬಂದೋರಿಗೆ ಕಾಫಿ ಕುಡಿಯೋಕೆ ಬಿಡು," ಎಂದಳು. ಇಬ್ಬರಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ.

ಮೇ ತಿಂಗಳಲ್ಲಿ ಅಜ್ಜಿ ಬಂದಳು, ಅಪ್ಪನ ಅವ್ವ. ಅಲ್ಲಿಯವರೆಗೆ ಅವಳು ನಮ್ಮ ಮನೆಗೆ ಬಂದವಳೇ ಅಲ್ಲ. ಅಪ್ಪನೇ ಆಗಾಗ ಒಬ್ಬರೇ ಹೋಗಿ ನೋಡಿ ಬರುತ್ತಿದ್ದರು. ಈಗ ಅವಳ ಕಣ್ಣಿನ ಪೊರೆ ತೆಗೆಸಬೇಕಾಗಿತ್ತು. ಆಸ್ಪತ್ರೆಯಿಂದ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅಜ್ಜಿಯ ಸೀರೆಯಿಂದ ಎಲೆಯಡಿಕೆ ಮತ್ತು ಹೊಗೆಯ ವಾಸನೆ ಬರುತ್ತಿತ್ತು. ನಾನು ಅವಳಿಗೆ ಅಂಟಿಕೊಂಡುಬಿಟ್ಟೆ.

"ಅಜ್ಜಿ, ಊರಲ್ಲಿ ಏನೇನಿದೆ ಹೇಳು."

"ಊರಲ್ಲಾ? ನಂಗೇನ್ ಗೊತ್ತವ್ವ. ನಾನು ಊರೊಳಕ್ಕೆ ಹೋಗಿದ್ದೇ ಕಮ್ಮಿ."

"ಮತ್ತೆ ನೀನಿರೋದೆಲ್ಲಿ?"

"ಕೇರಿಲಿ ಕಣವ್ವ. ಊರು ಆ ಕಡೆ, ನಾವು ಈ ಕಡೆ. ಊರೋರು ಕರೆದ್ರೆ ಹೋಗ್ತಿದ್ದೊ, ಕೆಲಸ ಮಾಡ್ತಿದ್ದೊ, ಬರ್ತಿದ್ದೊ."

"ಬಾವೀಲಿ ಈಜ್ತಿದ್ರಾ?"

ಅಜ್ಜಿ ನಕ್ಕಳು. "ಊರ ಬಾವಿನ ಮುಟ್ಟಂಗಿಲ್ಲ. ಈಜೋದಂತೆ."

ನನಗೆ ತಲೆಬುಡ ತಿಳಿಯಲಿಲ್ಲ. ನಳಿನಿ ಊರು ಎಂದಾಗ ಅವಳ ಕಣ್ಣು ಅರಳುತ್ತಿತ್ತು. ಅಜ್ಜಿ ಅದೇ ಮಾತನ್ನು ಯಾರದೋ ಮನೆಯ ಬಾಗಿಲು ತೋರಿಸುವವಳ ಹಾಗೆ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಸರಸಮ್ಮನವರು ಹಪ್ಪಳದ ಮೊರ ಹಿಡಿದು ತಾರಸಿಯಿಂದ ಇಳಿದು ಬಂದರು. ಒಳ್ಳೆಯ ಹೆಂಗಸು. ನನಗೆ ಜ್ವರ ಬಂದಾಗ ಮೆಣಸಿನ ಸಾರು ಕಳಿಸಿದವರು.

"ನೀವು ಇವರ ತಾಯೀನಾ? ಕಣ್ಣು ಹೇಗಿದೆ ಈಗ? ಯಾವೂರಮ್ಮ ನಿಮ್ಮದು?"

ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮನ ಕೈ ನಿಂತಿತು. ಅಜ್ಜಿಗೆ ಅದೊಂದು ನೇರ ಪ್ರಶ್ನೆ. ಮಾಗಡಿ ಕಡೆಯ ಒಂದು ಹಳ್ಳಿಯ ಹೆಸರು ಹೇಳಿ, "ಊರೊಳಗಲ್ಲ ಕಣ್ರವ್ವ, ನಮ್ದು ಕೇರಿ," ಎಂದು ಸೇರಿಸಿದಳು.

ಸರಸಮ್ಮನವರು ಮೊರವನ್ನು ಎದೆಗವಚಿಕೊಂಡು ಒಳಗೆ ಹೋದರು.

ಎರಡು ದಿನ ಕಳೆದು ಸಂಜೆ ನಮ್ಮ ಬಾಗಿಲಿಗೆ ಬಂದರು. ಹೊಸಿಲಿನಾಚೆಯೇ ನಿಂತರು.

"ಮುಂದಿನ ತಿಂಗಳು ನನ್ನ ಮೈದುನನ ಸಂಸಾರ ಬರ್ತಾ ಇದೆ. ಮನೆ ಬೇಕಾಗತ್ತೆ."

ಅಪ್ಪ ಎದ್ದು ನಿಂತರು. ನಾನು ಅವರ ಪಂಚೆ ಹಿಡಿದುಕೊಂಡಿದ್ದೆ.

"ಮನೆ ಕೊಡೋವಾಗ ಊರು ಯಾವ್ದು ಅಂತ ಕೇಳಿದ್ರಿ. ಬೆಂಗಳೂರು ಅಂದೆ. ಸುಳ್ಳಲ್ಲ ಅದು. ಚಿಕ್ಕೋನಿದ್ದಾಗಿಂದ ಇಲ್ಲೇ ಹಾಸ್ಟೆಲಲ್ಲಿದ್ದು ಓದ್ದೋನು ನಾನು. ಆದ್ರೆ ನೀವು ಕೇಳಿದ್ದು ಅದಲ್ಲ ಅಂತ ಅವತ್ತೇ ಗೊತ್ತಿತ್ತು. ನೀವು ಕೇಳಿದ್ದು ಜಾತಿ. ಮನೆ ಖಾಲಿ ಮಾಡ್ತೀನಿ, ಅದಕ್ಕೇನಂತೆ. ಮೈದುನ ಬರ್ತಾನೆ ಅಂತ ಮಾತ್ರ ಹೇಳ್ಬೇಡಿ."

ಸರಸಮ್ಮನವರ ಕಣ್ಣು ತುಂಬಿತು. "ನನ್ನದೇನೂ ಇಲ್ಲ. ಮನೇಲಿ ಹಿರಿಯರಿದಾರೆ," ಎಂದರು. ಅಪ್ಪ ತಲೆಯಾಡಿಸಿದರು. ಅಷ್ಟೇ. ಮೂಲೆಯಲ್ಲಿ ಕೂತಿದ್ದ ಅಜ್ಜಿ, "ನಾನೇನ್ ತಪ್ಪು ಹೇಳ್ದೆ ಮಗ?" ಎಂದು ಕೇಳಿದಳು. "ನೀನು ಹೇಳಿದ್ದೇ ಸರಿ ಅವ್ವಾ," ಎಂದರು ಅಪ್ಪ.

ಶ್ರೀರಾಂಪುರದಲ್ಲಿ ಮನೆ ಸಿಕ್ಕಿತು. ಜೂನ್ ಶುರುವಾಗುವ ಮುಂಚೆಯೇ ಸಾಮಾನು ಲಾರಿಗೇರಿತು. ಡ್ರೈವರ್ ಪಕ್ಕದಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಜ್ಜಿ ಕೂತಳು, ಬಾಗಿಲ ಕಡೆ ಅಪ್ಪ. ಅಮ್ಮ ಬೆಳಿಗ್ಗೆಯೇ ಹೊಸ ಮನೆ ತೊಳೆಯಲು ಹೋಗಿದ್ದಳು. ಲಾರಿ ಹೊರಟ ಮೇಲೆ ಅಜ್ಜಿ ಕೇಳಿದಳು, "ಈಗ ಯಾವೂರಿಗೆ ಹೋಗ್ತಿರೋದು?"

"ಬೆಂಗಳೂರಲ್ಲೇ ಅವ್ವಾ, ಇನ್ನೊಂದು ಕಡೆ."

"ಹಂಗಾರೆ ಇಲ್ಲೀಗಂಟ ಎಲ್ಲಿದ್ದೊ?"

ಅಪ್ಪ ನನ್ನನ್ನು ಅವಳ ತೊಡೆಯಿಂದ ಎತ್ತಿ ತಮ್ಮ ತೊಡೆಯ ಮೇಲೆ ಕೂರಿಸಿಕೊಂಡರು.

ನಮ್ಮಂಥವರೇ ಹೆಚ್ಚಾಗಿದ್ದ ಶ್ರೀರಾಂಪುರದಲ್ಲಿ ಯಾರೂ ನಮ್ಮನ್ನು ಊರು ಕೇಳಲಿಲ್ಲ. ಅಲ್ಲಿ ಹೊಸ ಶಾಲೆ, ಹೊಸ ಗೆಳತಿಯರು ಸಿಕ್ಕರು. ಅಜ್ಜಿ ನಮ್ಮ ಜೊತೆಯಲ್ಲೇ ಇದ್ದು, ಕೆಲವು ವರ್ಷಗಳ ನಂತರ ಅಲ್ಲೇ ತೀರಿಕೊಂಡಳು. ಅಪ್ಪ ಬದುಕಿರುವವರೆಗೂ ಚಾಮರಾಜಪೇಟೆಯ ದಾರಿ ತುಳಿಯಲಿಲ್ಲ. ನಾನು ದೊಡ್ಡವಳಾದ ಮೇಲೆ ಒಮ್ಮೆ ಹೋದೆ. ವಠಾರ ಇದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡವಿತ್ತು. ನಳಿನಿಯ ಮನೆಯವರು ಎಲ್ಲಿಗೆ ಹೋದರೆಂದು ಹೇಳುವವರು ಸಿಗಲಿಲ್ಲ. ಅಷ್ಟು ಹಚ್ಚಿಕೊಂಡ ಗೆಳತಿ ನನಗೆ ಮತ್ತೊಬ್ಬಳು ಆಗಲಿಲ್ಲ.

ಆ ಜೂನಿನಲ್ಲಿ ನಳಿನಿ ಕಪ್ಪಗಾಗಿ, ಬಾಯ್ತುಂಬ ಕಥೆ ಇಟ್ಟುಕೊಂಡು ನಮ್ಮ ಬಾಗಿಲಿಗೆ ಓಡಿ ಬಂದಿರುತ್ತಾಳೆ. ಬೀಗ ನೋಡಿ, ಎಲ್ಲಿ ಹೋದರೆಂದು ತನ್ನ ಅಮ್ಮನನ್ನು ಕೇಳಿರುತ್ತಾಳೆ. ಸರಸಮ್ಮನವರು ಏನು ಹೇಳಿದರೋ ತಿಳಿಯದು. ಮಕ್ಕಳಿಗೆ ಹೇಳುವ ಹಾಗೆ, ಊರಿಗೆ ಹೋದರು ಎಂದೇ ಹೇಳಿರಬಹುದು.