ಅಮಾವಾಸ್ಯೆ ಪೂಜೆಯೂ ಮೂವತ್ತೆಂಟು ಟ್ಯಾಬುಗಳೂ

ಗೆಳೆಯರೇ, ಬೆಟಗೇರಿಯ ನಮ್ಮ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಇಂದು ಅಮಾವಾಸ್ಯೆ ಪೂಜೆ. ನಾನು ತೆಂಗಿನಕಾಯಿ ತರುವಷ್ಟರಲ್ಲಿ ಅವ್ವ ಕಂಪ್ಯೂಟರ್ ಒರೆಸಿ, ವಿಭೂತಿ ಹಚ್ಚಿ, ತೆರೆದಿದ್ದ ಮೂವತ್ತೆಂಟು ಟ್ಯಾಬುಗಳನ್ನೂ ಮುಚ್ಚಿಬಿಟ್ಟಿದ್ದಳು.

“ಪೂಜಿಗೆ ಎಲ್ಲಾ ಸ್ವಚ್ಛ ಮಾಡೇನಿ ನೋಡು.”

ಅರ್ಜಿ ತುಂಬಿಸಲು ಶಿಗ್ಲಿಯಿಂದ ಬಂದು ಎದುರಿಗೇ ಕುಳಿತಿದ್ದ ಗಿರಾಕಿ ಅಕ್ಕನ ಅರ್ಧ ತುಂಬಿದ ಅರ್ಜಿಯೂ ಅದರಲ್ಲಿ ಹೋಗಿತ್ತು.

“ಯವ್ವಾ, ಮಗ್ಗದ ಮ್ಯಾಲಿನ ಅರ್ಧ ಸೀರಿ ಯಾರರ ಕತ್ತರಿಸ್ತಾರೇನು?” ಎಂದು ರೇಗಿದೆ.

ನಲವತ್ತು ವರ್ಷ ಸೀರೆ ನೇಯ್ದ ಅವ್ವ ಊದಿನಕಡ್ಡಿ ಹಚ್ಚುತ್ತಲೇ ಕೇಳಿದಳು: “ಒಂದ ಮಗ್ಗದ ಮ್ಯಾಲ ಮೂವತ್ತೆಂಟು ಸೀರಿ ಯಾರರ ನೇಯ್ತಾರೇನಲೇ?”

“ಖರೆ ಐತಿ ನೋಡ್ರಿ” ಎಂದರು ಶಿಗ್ಲಿಯ ಅಕ್ಕ.

ಅವರ ಅರ್ಜಿಯನ್ನು ಮತ್ತೆ ಮೊದಲಿನಿಂದ ತುಂಬುತ್ತಿದ್ದೇನೆ, ಅವ್ವ ಹೇಳಿದಂತೆ ಒಂದೇ ಟ್ಯಾಬಿನಲ್ಲಿ. ಈ ಪೋಸ್ಟ್ ಎರಡನೆಯ ಟ್ಯಾಬು. ಅವ್ವ ಪ್ರಸಾದ ಹಂಚಲು ಪಕ್ಕದ ಅಂಗಡಿಗೆ ಹೋಗಿದ್ದಾಳೆ.