ದಿಂಬಿಗೆ ಜೀವ ಬಂದ ವಾರ

ದಿಂಬಿನಿಂದ ನಾವು ಬಯಸುವುದು ಬಹಳ ಕಡಿಮೆ. ತಲೆ ಇಟ್ಟರೆ ನಿದ್ದೆ ಬರಬೇಕು, ಇಡದಿದ್ದಾಗ ಒಂದು ಮೂಲೆಯಲ್ಲಿ ಬಿದ್ದಿರಬೇಕು. ಇಷ್ಟು ಅಲ್ಪತೃಪ್ತಿಯ ಸಂಬಂಧವನ್ನು ನಾವು ಗಂಡನ ಜೊತೆಗೂ ಇಟ್ಟುಕೊಂಡಿರುವುದಿಲ್ಲ. ಅದು ತಾನಾಗಿ ಅಲ್ಲಾಡಕೂಡದು ಎಂಬ ಷರತ್ತನ್ನಂತೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಪ್ರಸಂಗ ನನಗೂ ಅರವತ್ತೆರಡು ವರ್ಷದವರೆಗೆ ಬಂದಿರಲಿಲ್ಲ.

ಮೊದಲು ನನ್ನ ಕೈಗಳ ಪರಿಚಯ ಮಾಡಿಕೊಡಬೇಕು. ರಾಮನಗರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ, ಸಾಮ್ರಾಜ್ಯಗಳ ಉದಯಾಸ್ತಗಳನ್ನು ಬೋರ್ಡಿನ ಮೇಲೆ ಬರೆದು ಅಳಿಸುತ್ತ ನಿವೃತ್ತವಾದ ಈ ಕೈಗಳು ಒಂದು ಗುಂಡಿಯನ್ನೂ ನೆಟ್ಟಗೆ ಹೊಲಿದವಲ್ಲ. ನಾನಿಟ್ಟ ರಂಗೋಲಿಯನ್ನು ನೋಡಿ ನಮ್ಮಮ್ಮ, "ಕೋಳಿ ಏನಾದ್ರೂ ಕೆದಕಿತೇನೇ?" ಎಂದು ಅಮಾಯಕವಾಗಿ ಕೇಳುತ್ತಿದ್ದರು. ಇಂಥವಳಿಗೆ ಸೋಲೂರಿನಿಂದ ಸಿಕ್ಕ ಬೀಗಿತ್ತಿಯೋ ಹಸ್ತಕೌಶಲದ ಅವತಾರ. ಸೊಸೆ ಸೌಮ್ಯ ಹೆರಿಗೆಗೆ ತವರಿಗೆ ಹೋದ ಮೇಲೆ ಈ ಬೀಗಿತ್ತಿ ಮೊಮ್ಮಗುವಿಗೆಂದು ಸ್ವೆಟರು, ಕಾಲುಚೀಲ, ಕೌದಿ, ಕೊನೆಗೆ ಹಾಲಿನ ಬಾಟಲಿಗೂ ಒಂದು ಅಂಗಿ ಹೆಣೆದಿಟ್ಟಿದ್ದರು. ಸೌಮ್ಯ ಫೋನಿನಲ್ಲಿ, "ಅತ್ತೆ, ನಾಮಕರಣಕ್ಕೆ ಪಾಪು ಕುಲಾವಿ ನೀವೇ ಮಾಡ್ಕೊಂಡ್ ಬನ್ನಿ" ಎಂದಾಗ ಅದು ಪ್ರೀತಿಯೋ ಪರೀಕ್ಷೆಯೋ ನನಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಆ ಮಗುವಿನ ಮೈಮೇಲೆ ನನ್ನದು ಎನ್ನುವಂಥದ್ದು ಒಂದಾದರೂ ಇರಬೇಕು. ಇಲ್ಲವಾದರೆ ನಾನು ಆ ಮನೆಗೆ ಊಟಕ್ಕೆ ಬಂದ ನೆಂಟಳಾಗಿಬಿಡುತ್ತೇನೆ ಎಂದು ನಿಜವಾಗಿಯೂ ಭಯವಾಯಿತು.

ಹೀಗೆ ನಾನು ನಮ್ಮ ಬೀದಿಯ ಸ್ಟೆಲ್ಲಾ ಟೀಚರ ಜಗಲಿಗೆ ಬಂದು ಬಿದ್ದೆ. ಎಳೆತನದಲ್ಲಿ ಕಾನ್ವೆಂಟಿನ ಸಿಸ್ಟರುಗಳಿಂದ ಬಾಬಿನ್ ಲೇಸು ಕಲಿತು, ಮುಂದೆ ಹೊಲಿಗೆ ಟೀಚರಾಗಿ, ಮದುವೆಯ ಗೋಜಿಗೆ ಹೋಗದೆ ನಿವೃತ್ತರಾದವರು ಅವರು. ಜೊತೆಗೆ ಮೆಹರುನ್ನಿಸಾ ಇದ್ದರು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ರೀಲರ್ ಮನೆತನದವರು, ಕಣ್ಣಿಗೆ ಕಾಣದ ಎಳೆಯನ್ನು ಬೆರಳ ತುದಿಯಲ್ಲಿ ಹುಡುಕಬಲ್ಲವರು. ಈ ಲೇಸಿನ ವಿಧಾನ ಕೇಳಲು ಬಹಳ ಸುಲಭ. ಗಟ್ಟಿಯಾದ ಒಂದು ದಿಂಬಿನ ಮೇಲೆ ಚಿತ್ರದ ಕಾಗದ ಹಚ್ಚಿ, ಬಾಬಿನ್ನೆಂಬ ಮರದ ಕಡ್ಡಿಗಳಿಗೆ ಸುತ್ತಿದ ದಾರಗಳನ್ನು ಜೊತೆಜೊತೆಯಾಗಿ ಇಳಿಬಿಟ್ಟು, ಒಂದನ್ನು ಇನ್ನೊಂದರ ಮೇಲೆ ದಾಟಿಸುತ್ತ, ತಿರುಚುತ್ತ, ಹೆಜ್ಜೆಹೆಜ್ಜೆಗೂ ಗುಂಡುಸೂಜಿ ಚುಚ್ಚಿ ಹಿಡಿದಿಡುತ್ತ ಹೋಗುವುದು. ಮುಗಿಯುವ ತನಕ ಲೇಸು ದಿಂಬಿನಿಂದ ಏಳುವಂತಿಲ್ಲ. ಲೇಸೆಂಬ ಪದವನ್ನು ಹಿಡಿದು ಶ್ಲೇಷೆ ಹೊಸೆಯುವ ನನ್ನ ಚಪಲವನ್ನು ಟೀಚರು ಮೊದಲ ದಿನವೇ ಕಣ್ಣಿನಲ್ಲೇ ಅಡಗಿಸಿಬಿಟ್ಟರಾದ್ದರಿಂದ ನೀವೂ ಅದನ್ನು ಇಲ್ಲಿ ನಿರೀಕ್ಷಿಸಬೇಡಿ.

ಬಾಬಿನ್ನುಗಳನ್ನು ಚನ್ನಪಟ್ಟಣದ ಒಬ್ಬ ಗೊಂಬೆ ಕೆಲಸದವರು ಕಡೆದುಕೊಟ್ಟರು. ಹನ್ನೆರಡು ಜೊತೆಗೂ ಅರಗಿನ ಕೆಂಪು ಹಳದಿ ಬಣ್ಣ ಬಳಿದದ್ದಲ್ಲದೆ, ಪ್ರತಿಯೊಂದರ ತಲೆಯೊಳಗೂ ಕಲ್ಲು ಹಾಕಿ ಗಿಲಕಿ ಮಾಡಿಬಿಟ್ಟಿದ್ದರು. "ಒಸಿ ಸದ್ದಾದ್ರೂ ಬರ್ಲಿ ಮೇಡಂ, ಮಕ್ಳು ಖುಷಿಯಾಗಿ ಆಡ್ಕತವೆ" ಎಂದರು. ಆಡುವವಳು ನಾನೇ ಎಂದಾಗ ಅವರು ನನ್ನನ್ನೊಮ್ಮೆ ನೋಡಿ ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಕಲಿಕೆಯ ಬಗ್ಗೆ ಹೆಚ್ಚು ಹೇಳಲಾರೆ. ನಾನು ಒಂದು ಬೆರಳಗಲ ನೇಯ್ದರೆ ಟೀಚರು ಕನ್ನಡಕ ಏರಿಸಿ, ತಪ್ಪು ಹುಡುಕಿ, ಒಂದೂವರೆ ಬೆರಳಗಲ ಬಿಚ್ಚುತ್ತಿದ್ದರು. ತಪ್ಪನ್ನು ಉಳಿಸಿಕೊಂಡು ಮುಂದೆ ಹೋಗುವುದು ಅವರ ಪ್ರಕಾರ ಮಹಾಪಾಪ. ನನ್ನ ಲೇಸು ಹೀಗೆ ಹಿಮ್ಮುಖವಾಗಿ ಪ್ರಗತಿ ಸಾಧಿಸುತ್ತಿದ್ದುದನ್ನು ನೋಡಿ ಮೆಹರುನ್ನಿಸಾ, "ಟೀಚರ್, ಇಂಗೇ ಆದ್ರೆ ಆ ಮಗು ಮದ್ವೇಗೆ ಕುಲಾವಿ ಇಕ್ಬೇಕಾಯ್ತದೆ" ಎಂದು ಎಚ್ಚರಿಸಿದ ಮೇಲೆ ಬಿಚ್ಚುವಿಕೆ ಒಂದಿಷ್ಟು ತಗ್ಗಿತು.

ನಾಮಕರಣಕ್ಕೆ ಎಂಟು ದಿನವಿರುವಾಗ, ಕುಲಾವಿಯ ಅಂಚಿನ ಅಸಲು ಲೇಸನ್ನು ನನ್ನದೇ ಸ್ವಂತ ದಿಂಬಿನ ಮೇಲೆ ಆರಂಭಿಸಬೇಕೆಂಬ ಸ್ವಾಭಿಮಾನ ನನ್ನಲ್ಲಿ ಉಕ್ಕಿತು. ಹುಲ್ಲು ತುಂಬಿ ಎಂದರು ಟೀಚರು. ರೇಷ್ಮೆಯ ಊರಿನಲ್ಲಿದ್ದುಕೊಂಡು ಹುಲ್ಲೇ? ಕುದೂರಿನಲ್ಲಿ ಹುಳು ಸಾಕುವ ನಮ್ಮ ಚಿಕ್ಕಪ್ಪನ ಮಗನಿಂದ ಒಂದು ಚೀಲ ಕಳಪೆ ಗೂಡು ತರಿಸಿ, ನಡುನಡುವೆ ಮರದ ಹೊಟ್ಟು ಗಿಡಿದು, ಊರಿನ ಚರಿತ್ರೆಗೆ ತಕ್ಕ ದಿಂಬೊಂದನ್ನು ಸಿದ್ಧಪಡಿಸಿದೆ. "ಗೂಡು ಹಬೆಗಿಕ್ಕಿದ್ರಾ ಮೇಡಂ?" ಎಂದು ಮೆಹರುನ್ನಿಸಾ ಕೇಳಿದರು. ಜೀವಹಿಂಸೆಯೇಕೆ, ಬಿಸಿಲಿಗೆ ಹಾಕಿದ್ದೇನೆ ಎಂದೆ. ಹಾಕಿದ್ದು ಒಂದೇ ಮಧ್ಯಾಹ್ನ, ಅದೂ ಮೋಡದ ಮಧ್ಯಾಹ್ನ ಎಂಬುದನ್ನು ಹೇಳಲಿಲ್ಲ. ಒಂದು ಮಧ್ಯಾಹ್ನದ ಮೋಡಕ್ಕೆ ರೇಷ್ಮೆಹುಳು ಸಾಯುವುದಿಲ್ಲವೆಂದು ರಾಮನಗರದ ಕೂಸಿಗೂ ಗೊತ್ತು. ಇತಿಹಾಸ ಓದಿದವರಿಗೆ ಮಾತ್ರ ಗೊತ್ತಿಲ್ಲ.

ಆರನೆಯ ದಿನ ಬೆಳಗ್ಗೆ ಬಾಬಿನ್ನುಗಳು ತಾವಾಗಿ ಗಲಗಲ ಎಂದವು. ನನಗೆ ಬಿ.ಪಿ. ಹೆಚ್ಚಾಗಿದೆ ಎಂದುಕೊಂಡು ಕೈ ತೆಗೆದೆ. ಅವು ಇನ್ನೂ ಗಲಗಲ ಎನ್ನುತ್ತಿದ್ದವು. ದಿಂಬು ಒಮ್ಮೆ ಉಸಿರೆಳೆದುಕೊಂಡು ಸ್ವಲ್ಪ ಎಡಕ್ಕೆ ಹೊರಳಿತು. ಟೀಚರು ಶಿಲುಬೆಯ ಗುರುತು ಹಾಕಿಕೊಂಡರು. ಮೆಹರುನ್ನಿಸಾ ಡಾಕ್ಟರಂತೆ ದಿಂಬಿಗೆ ಕಿವಿಯಿಟ್ಟು ಕೇಳಿ, "ಒಳ್ಗೆ ಚಿಟ್ಟೆ ಎದ್ಬುಟ್ಟವೆ ಮೇಡಂ. ಕಂದು ನೀರು ಬುಡ್ತವೆ, ಲೇಸೆಲ್ಲ ಕಲೆಯಾಯ್ತದೆ. ಬುಡ್ಲಿಲ್ಲ ಅಂದ್ರೆ ಉಸಿರು ಕಟ್ಟಿ ಸಾಯ್ತವೆ" ಎಂದರು.

ಸೂಜಿ ಕಿತ್ತರೆ ಲೇಸಿಲ್ಲ, ಕೀಳದಿದ್ದರೆ ಚಿಟ್ಟೆಯಿಲ್ಲ. ಇನ್ನೂ ನಾಲ್ಕು ಬೆರಳಗಲ ಬಾಕಿಯಿತ್ತು. ಕಡೆಗೆ ಮೆಹರುನ್ನಿಸಾ ದಿಂಬಿನ ತಳದ ಹೊಲಿಗೆಯನ್ನು ಬ್ಲೇಡಿನಿಂದ ಸೀಳಿದರು: ಕೆಳಗಿನಿಂದ ಚಿಟ್ಟೆ ಹೊರಬರಲಿ, ಮೇಲೆ ನಾವು ಲೇಸು ಮುಗಿಸೋಣ ಎಂಬ ಒಪ್ಪಂದ. ಹಾರಲಾರದ ಆ ಬಿಳಿ ಚಿಟ್ಟೆಗಳು ನಮ್ಮ ಸೆರಗಿನ ಮೇಲೆ ನಡೆದುಬಂದು, ರೆಕ್ಕೆ ಪಟಪಟಿಸುತ್ತ ಜೋಡಿಗಳನ್ನು ಹುಡುಕಿಕೊಂಡು, ಯಾರ ಮುಲಾಜೂ ಇಲ್ಲದೆ ಸಂಸಾರ ಹೂಡಿದವು. "ಥೂ, ಒಸಿನಾದ್ರೂ ನಾಚ್ಕೆ ಐತಾ ಇವಕ್ಕೆ!" ಎಂದು ಟೀಚರು ಮುಖ ತಿರುಗಿಸಿಕೊಂಡೇ ಬಾಬಿನ್ ದಾಟಿಸುತ್ತಿದ್ದರು. ಅವರ ಮೊಣಕೈ ಮೇಲೊಂದು ಜೋಡಿ ಇತ್ತು, ನಾನು ಹೇಳಲಿಲ್ಲ. ಇತ್ತ ಚಿಟ್ಟೆಯೂ ಹೊಟ್ಟೂ ಹೊರಬಿದ್ದಂತೆಲ್ಲ ದಿಂಬು ಸೊರಗಿ, ಸೂಜಿಗಳು ಸಡಿಲಾಗಿ, ಎರಡು ಬೆರಳಗಲ ಉಳಿದಿರುವಾಗ ದಾರಗಳೆಲ್ಲ ಸೋತು ಮಲಗಿದವು. ನನಗೆ ಅಳು ಬಂತು. ಅಷ್ಟಕ್ಕೇ ಕತ್ತರಿಸಿ ಗಂಟು ಹಾಕಿದ ಮೆಹರುನ್ನಿಸಾ, ಲೇಸನ್ನು ಕುಲಾವಿಗೆ ಹೊಲಿದು, "ಈ ಬುಟ್ಟಿರೋ ಜಾಗ ಮಗು ಕತ್ತಿನ ಹಿಂದ್ಕೆ ಬತ್ತದೆ. ಎತ್ಕೊಂಡ್ರೆ ನಿಮ್ ತೋಳು ಮುಚ್ಕತದೆ, ಬುಡಿ" ಎಂದು ಸಮಾಧಾನ ಹೇಳಿದರು.

ಸೋಲೂರಿಗೆ ಮೂವರೂ ಬಸ್ಸಿನಲ್ಲಿ ಹೋದೆವು. ಕುಲಾವಿ ತೊಡಿಸಿ ಮಗುವನ್ನು ತೋಳಿನ ಮೇಲೆ ಮಲಗಿಸಿಕೊಂಡವಳು ಮತ್ತೆ ಕೊಡಲಿಲ್ಲ. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕಷ್ಟೇ ಇಳಿಸಿದೆ, ತಕ್ಷಣ ಎತ್ತಿಕೊಂಡೆ. ಬಂದವರೆಲ್ಲ ಅಜ್ಜಿಯ ವಾತ್ಸಲ್ಯವನ್ನು ಹೊಗಳಿದರು, ನಾನು ಎರಡು ಬೆರಳಗಲವನ್ನು ಕಾಯುತ್ತಿದ್ದೆ. ಬೀಗಿತ್ತಿ ಮೂರು ಸಲ ಬಂದು, "ಒಸಿ ನಮ್ಗೂ ಕೊಡಿ ಬೀಗ್ರೆ" ಎಂದರು. ಮೂರು ಸಲವೂ ಮಗುವಿಗೆ ಈಗಷ್ಟೇ ನಿದ್ದೆ ಹತ್ತಿದೆ ಎಂದೆ. ಮಗು ಕಣ್ಣು ಬಿಟ್ಟುಕೊಂಡು ನನ್ನ ಸುಳ್ಳನ್ನೇ ನೋಡುತ್ತಿತ್ತು. ಆಮೇಲೆ ನಿಜವಾಗಿಯೇ ನಿದ್ದೆಹೋಯಿತು, ನನ್ನ ಹೆಬ್ಬೆರಳನ್ನು ಹಿಡಿದುಕೊಂಡು. ಅಷ್ಟು ಸಣ್ಣ ಕೈ ನನ್ನ ಕೈಯನ್ನು ನಂಬಿದ್ದು ನನಗೆ ಆಶ್ಚರ್ಯವಾಯಿತು.

ಕುಲಾವಿ ಯಾವಾಗ ಜಾರಿಬಿತ್ತೋ ತಿಳಿಯದು. ನೋಡುವಷ್ಟರಲ್ಲಿ ಅದು ಹೆಂಗಸರ ಕೈಯಿಂದ ಕೈಗೆ ದಾಟುತ್ತ ಬೀಗಿತ್ತಿಯನ್ನು ತಲುಪಿತ್ತು. ಬಲ್ಲವರ ಕಣ್ಣು ತಪ್ಪೀತೇ? ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇದ್ಯಾಕೆ, ಇಲ್ಲಿ ಬುಟ್ಟೋಗೈತಲ್ಲ?" ಎಂದರು. ಪಡಸಾಲೆಯೆಲ್ಲ ತಿರುಗಿ ನೋಡಿತು. ನನ್ನ ಪಕ್ಕದಲ್ಲಿದ್ದ ಸ್ಟೆಲ್ಲಾ ಟೀಚರು ಕನ್ನಡಕ ಏರಿಸಿ, ಅದನ್ನು ನಿಧಾನವಾಗಿ ಪರೀಕ್ಷಿಸಿ, "ಅದು ಅಂಗೇ ಇರ್ಬೇಕು ಕಣಮ್ಮ" ಎಂದರು.

ಬೀಗಿತ್ತಿ ಕುಲಾವಿಯನ್ನು ನನ್ನ ಮಡಿಲಲ್ಲಿಟ್ಟು, "ಇನ್ನಾದ್ರೂ ಕೊಡಿ ಮಗೀನ" ಎಂದು ಎರಡೂ ಕೈ ಚಾಚಿದರು. ಮುಚ್ಚಿಡಲು ಈಗ ಏನೂ ಉಳಿದಿರಲಿಲ್ಲ. ತೋಳು ಜೋಮು ಹಿಡಿದಿತ್ತು.

"ನಿದ್ದೆ ಮಾಡ್ತಿದೆ" ಎಂದೆ. ಕೊಡಲಿಲ್ಲ.